ಮಧ್ಯಂತರದ ಹೋಳಿಗೆ

"ಗ್ಲೌಸ್ ಹಾಕ್ಕೊಂಡು ಹೋಳಿಗಿ ಮುಟ್ಟಬ್ಯಾಡ್ರಿ ಅಂದೆ," ಎಂದಳು ಗಿರಿಜಾದೇವಿ. ಒಲೆಯತ್ತ ಕೈ ಚಾಚಿದ್ದ ಗಂಡ ವೀರಭದ್ರ ಹಿಂದೆ ಸರಿದ. ಹೊಸ ಗೋಲ್‌ಕೀಪರ್ ಗ್ಲೌಸು. ಕೈಗೆ ಒಗ್ಗಲಿ ಎಂದು ಬೆಳಗಿನ ಚಹಾವನ್ನೂ ಅದರಲ್ಲೇ ಕುಡಿದಿದ್ದ.

ವಿಜಯಪುರದ ವೀರಭದ್ರನಿಗೆ ಐವತ್ತು ದಾಟಿದೆ. ಲಂಡನ್ನಿನ ಹೇಸ್‌ನ ಕಾಲೇಜೊಂದರಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ; ಶನಿವಾರ ಸಿಬ್ಬಂದಿ ಫುಟ್‌ಬಾಲ್ ತಂಡದ ಗೋಲು ಕಾಯುತ್ತಾನೆ. ಎರಡನೆಯದರಲ್ಲಿ ಅಷ್ಟಾಗಿ ಹೆಸರು ಬಂದಿಲ್ಲ. ಈ ಸೀಸನ್ನಿನಲ್ಲಿ ತಂಡ ಒಂದೂ ಆಟ ಗೆದ್ದಿರಲಿಲ್ಲ. ಕಾಲೇಜಿನ ಕಾರಿಡಾರಿನಲ್ಲಿ 1909ರ ತಂಡದ ಫೋಟೋ ಇದೆ. ದಪ್ಪ ಮೀಸೆ, ಮಂಡಿ ಮುಚ್ಚುವ ಚಡ್ಡಿ, ಸಾವಿನ ಮನೆಯಲ್ಲಿ ಕೂತಂಥ ಮುಖ. ಸೀಸನ್ ಪೂರ್ತಿ ಒಂದೂ ಆಟ ಗೆಲ್ಲದವರು ಇಲ್ಲಿಯವರೆಗೆ ಅವರು ಮಾತ್ರ. ಇವತ್ತಿನ ಕೊನೆಯ ಆಟವನ್ನೂ ಗೆಲ್ಲದಿದ್ದರೆ ಅವರಿಗೆ ಜೊತೆ ಸಿಕ್ಕಂತೆ.

ಹಿಂದಿನ ದಿನ ಲಿಫ್ಟಿನಲ್ಲಿ ಕ್ಯಾಪ್ಟನ್ ಋಷಿಕೇಶ್ ಸಿಕ್ಕಿದ್ದ. ಬೆಂಗಳೂರಿನ ಹುಡುಗ, ಗಣಿತದ ಮೇಷ್ಟ್ರು.

"ವೀರಣ್ಣ, ಬೇಜಾರ್ ಮಾಡ್ಕೋಬೇಡಿ. ನಾಳೆನೂ ಗೆಲ್ಲದಿದ್ರೆ ಮುಂದಿನ ವರ್ಷ ಗೋಲಿಗೆ ಬೇರೆಯವರನ್ನ ಹಾಕ್ತೀನಿ. ನೀವು ಲೈನ್ ಹತ್ರ ಬಾವುಟ ಹಿಡ್ಕೊಳ್ಳಿ."

"ಬಾವುಟ ಹಿಡ್ಯಾಕ ಇದೇನು ಆಗಸ್ಟ್ ಹದಿನೈದೇನು?" ಎಂದಿದ್ದ ವೀರಭದ್ರ. ಮನೆಗೆ ಬರುವ ದಾರಿಯಲ್ಲೇ ಈ ಹೊಸ ಗ್ಲೌಸು ಕೊಂಡಿದ್ದ.

ಮಧ್ಯಂತರದ ತಿಂಡಿ ಆತಿಥೇಯ ತಂಡದ ಆಟಗಾರರ ಮನೆಗಳಿಂದ ಸರದಿಯಂತೆ ಬರುತ್ತದೆ. ಈ ಸಲ ಗಿರಿಜಾದೇವಿಯ ಸರದಿ. ಕಿತ್ತಳೆ ಹೋಳು ಕೊಡುವುದು ರೂಢಿ ಎಂದು ಗಂಡ ಹೇಳಿ ನೋಡಿದ.

"ಇಲ್ಫರ್ಡಿನಿಂದ ಮಂದಿ ಬರ್ತಾರ. ಕಿತ್ತಳಿ ಹೋಳು ಕೊಟ್ಟು ಕಳಿಸೂದೇನ್ರಿ? ಜೀವ ಇರೂತನಾ ಆಡ್ಕೋತಾರ."

ಮೊದಲರ್ಧದಲ್ಲಿ ಎದುರಾಳಿ ಇಲ್ಫರ್ಡ್ ತಂಡದ ಕೀತ್, ಬಾಗಿಲಷ್ಟು ಅಗಲದ ಆಳು, ಒಂದು ಗೋಲು ಹೊಡೆದ. ಮಧ್ಯಂತರದಲ್ಲಿ ಗಿರಿಜಾದೇವಿ ಡಬ್ಬಿ ತೆರೆದಳು. ಮೊದಲು ಕೈ ಚಾಚಿದವನು ಋಷಿಕೇಶ್.

"ತಡೀಪಾ, ಬಂದ ಮಂದಿದು ಮೊದಲು ಆಗಲಿ."

ಬಿಸಿ ಹೋಳಿಗೆ, ಮೇಲೆ ತುಪ್ಪ. ಎರಡಾದ ಮೇಲೆ ಕೀತ್ ಸಾಕೆಂದು ಕೈ ಅಡ್ಡ ಹಿಡಿದ. ವಿಜಯಪುರದಲ್ಲಿ ಸಾಕು ಎನ್ನುವುದು ಸಂಕೋಚದ ಮಾತು. ಅದನ್ನು ಕೇಳಿ ಬಡಿಸುವುದು ನಿಲ್ಲಿಸಿದವರು ಜಿಪುಣರು. ಗಿರಿಜಾದೇವಿ ಅವನ ಕೈ ಸರಿಸಿ ಇನ್ನೆರಡು ಹಾಕಿದಳು. ಅವನು ತಿಂದ. ಉಳಿದವರಿಗೂ ಅದೇ ಉಪಚಾರ ನಡೆಯಿತು. ಸ್ವಂತ ತಂಡದ ಸರದಿ ಬರುವಷ್ಟರಲ್ಲಿ ರೆಫರಿ ಸೀಟಿ ಊದಿದ.

ಇಲ್ಫರ್ಡಿನವರು ಮದುವೆ ಊಟ ಮುಗಿಸಿ ಒರಗಲು ಚಪ್ಪರದ ಕಂಬ ಹುಡುಕುವ ಬೀಗರ ಹಾಗೆ ಮೈದಾನಕ್ಕಿಳಿದರು. ಹಸಿದಿದ್ದ ಋಷಿಕೇಶ್ ಸಿಟ್ಟಿನಲ್ಲೇ ಎರಡು ಗೋಲು ಹೊಡೆದ. ಕೊನೆಯ ನಿಮಿಷದಲ್ಲಿ ಇಲ್ಫರ್ಡಿಗೆ ಪೆನಾಲ್ಟಿ ಸಿಕ್ಕಿತು. ಗೋಲಿನಲ್ಲಿ ವೀರಭದ್ರ, ಎದುರಿಗೆ ಕೀತ್. ವೀರಭದ್ರನಿಗೆ ಲೈನಿನ ಬಾವುಟ ಕಣ್ಣ ಮುಂದೆ ಬಂತು. ಕೀತ್ ಓಡಿಬಂದ, ನಡುವೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ, ಒದ್ದ. ಚೆಂಡು ತವರಿಗೆ ಬಂದ ಮಗಳಂತೆ ನೆಟ್ಟಗೆ ವೀರಭದ್ರನ ಮಡಿಲಿಗೆ ಬಂತು.

"ಏನ್ ಕ್ಯಾಚ್ ವೀರಣ್ಣ!" ಎಂದು ಋಷಿಕೇಶ್ ತಬ್ಬಿಕೊಂಡ. ವೀರಭದ್ರ ಹೆಂಡತಿಯ ಕಡೆ ನೋಡಿದ. ಅವಳು ಖಾಲಿ ಡಬ್ಬಿ ಹಿಡಿದು ಸಪ್ಪಗೆ ನಿಂತಿದ್ದಳು.

"ಆ ದೊಡ್ಡಾಂವ ನಾಲ್ಕಕ್ಕ ನಿಲ್ಲಿಸಿದಾ ನೋಡ್ರಿ. ತುಪ್ಪ ಕಡಿಮಿ ಆತೇನೋ."

ಮುಂದಿನ ಸೀಸನ್ನಿನ ಮೊದಲ ಆಟ ಇಲ್ಫರ್ಡಿನಲ್ಲಿ. ಗೋಲಿನಲ್ಲಿ ವೀರಭದ್ರನೇ ಇರುತ್ತಾನೆ. ಈ ಸಲ ತಿಂಡಿ ಇಲ್ಫರ್ಡಿನವರದು.