ಸೊನ್ನೆ ಎಂದು ಹೇಳಿದ ದಿನ

ಆಗ ನನಗೆ ಐವತ್ತೆರಡು. ಇದಾಗಿ ಇಪ್ಪತ್ತೈದು ವರ್ಷದ ಮೇಲಾಯಿತು. ಹೈದರಾಬಾದಿನಲ್ಲಿ ಮೊದಲ ಬೆಳಿಗ್ಗೆ ಮುಸುರೆ ನೀರು ಚೆಲ್ಲಲು ಬಾಗಿಲು ತೆರೆದೆ. ಮೊಳದಗಲ ವರಾಂಡದಾಚೆ ನೆಲವೇ ಇಲ್ಲ. ಮೂರು ಮಹಡಿ ಕೆಳಗೆ ಯಾರದೋ ಸ್ಕೂಟರು. ಸೇಡಂನ ಮನೆಗೆ ಅಂಗಳವಿತ್ತು, ಇಲ್ಲಿ ಬಾಗಿಲಾಚೆ ಬರೀ ಗಾಳಿ. ಪಕ್ಕದ ಮನೆಯಾಕೆ "ಮಂಚಿ ನೀಳ್ಳು ವಚ್ಚಾಯಿ" ಎಂದು ಕೂಗಿದಳು. ಕುಡಿಯುವ ನೀರು ಬಂತು ಎಂದು ಅದರರ್ಥ. ಜಗಳಕ್ಕೆ ಬಂದಳೆಂದು ನಾನು ಬಾಗಿಲು ಹಾಕಿಕೊಂಡೆ. ಅವತ್ತು ನೀರಿಲ್ಲ.

ಬಂದದ್ದು ಸೊಸೆ ರೇಣುಕಾಳ ಸಲುವಾಗಿ. ಮಗ ತೀರಿದ್ದ, ಸಣ್ಣ ಮೊಮ್ಮಗಳಿದ್ದಳು. ಸೊಸೆ ತಾರ್ನಾಕದ ಒಂದು ಕ್ಲಾಸಿಗೆ ಹೋಗಿ ಮೇನ್‌ಫ್ರೇಮ್ ಕಲಿಯುತ್ತಿದ್ದಳು. ಅದು ದೊಡ್ಡ ಕಂಪ್ಯೂಟರು. ಅದರೊಳಗೆ ಆಳುಗಳಿದ್ದ ಹಾಗೆ ಸರ್ವಿಸ್ ರೂಟೀನುಗಳು ಇರುತ್ತವಂತೆ. ಕರೆದು ಕೆಲಸ ಹೇಳಿದರೆ, ತಿರುಗಿ ಬಂದು ಒಂದು ಅಂಕಿ ಒಪ್ಪಿಸುತ್ತವೆ. ಸೊನ್ನೆ ಎಂದರೆ ಸರಿಯಾಗಿ ಆಯಿತು. ನಾಲ್ಕು ಎಂದರೆ ಆಯಿತು, ಆದರೆ ಒಂದು ಮಾತಿದೆ. ಎಂಟು ಎಂದರೆ ಆಗಲಿಲ್ಲ. ಹದಿನಾರು ಬಂದರೆ ಎಲ್ಲ ಅಲ್ಲಿಗೇ ನಿಲ್ಲಿಸಬೇಕು. ಬಾಯಿಪಾಠ ಮಾಡಲು ನನ್ನನ್ನೇ ರೂಟೀನು ಮಾಡಿಕೊಂಡಳು.

"ಅತ್ತಿ, ಹಾಲು ನೋಡ್ರಿ. ಎಷ್ಟು?"

"ನಾಕು."

"ಕಾರಣ?"

"ಉಕ್ಕೇತಿ. ಅರ್ಧ ಒಲಿಗಿ, ಅರ್ಧ ನಿನಗ."

ಅಕ್ಷರ ನನಗೆ ಅಷ್ಟಕ್ಕಷ್ಟೆ, ಅಂಕಿ ಹತ್ತಿತು. ತೆಲುಗಿಗಿಂತ ಮೊದಲು ಅದೇ ಬಂತು.

ಕೊನೆಗೆ ಒಂದು ಕಂಪನಿ ಕರೆಯಿತು. ಬೆಳಿಗ್ಗೆ ಬರೆಯುವ ಪರೀಕ್ಷೆ, ಮಧ್ಯಾಹ್ನ ಸಂದರ್ಶನ. ಇದು ಕೈತಪ್ಪಿದರೆ ಊರಿಗೆ ವಾಪಸ್ಸು ಎಂದು ಇಬ್ಬರಿಗೂ ಗೊತ್ತಿತ್ತು. ಅವತ್ತೇ ಮಗುವಿಗೆ ಜ್ವರ. ನಾನಿದ್ದೇನೆ ಎಂದು ಸೊಸೆಯನ್ನು ಕಳಿಸಿದೆ. ಬಿಸಿಲೇರುವ ಹೊತ್ತಿಗೆ ಕೆಳಗಿನ ಮಾಲೀಕರ ಮನೆಯ ಫೋನಿಗೆ ಸೇಡಂನಿಂದ ಸುದ್ದಿ ಬಂತು. ನನ್ನ ಅಣ್ಣ ಶರಣಪ್ಪ ಹೋದ. ಸಂಜೆ ಹೊಲದಲ್ಲಿ ಮಣ್ಣು ಕೊಡುತ್ತಾರೆ. ನಾವು ಊರು ಬಿಡುವಾಗ ಜೋಳದ ಚೀಲವನ್ನು ಹೆಗಲ ಮೇಲೆ ಹೊತ್ತು ತಂದು ಗಾಡಿಗೆ ಏರಿಸಿದವನು. ಆಗಲೇ ಹೊರಟಿದ್ದರೆ ಮುಖ ಸಿಗುತ್ತಿತ್ತು. ಸುಡುವ ಮಗುವನ್ನು ಯಾರ ಮಡಿಲಿಗೆ ಹಾಕಲಿ?

ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಫೋನಿನ ಹತ್ತಿರವೇ ಕೂತಿದ್ದೆ. ಮಧ್ಯಾಹ್ನ ಸಂದರ್ಶನಕ್ಕೆ ಮೊದಲು ಮತ್ತೆ ಗಂಟೆ ಹೊಡೆಯಿತು. ರೇಣುಕಾ.

"ಎಷ್ಟ್ರಿ ಅತ್ತಿ?"

"ಸೊನ್ನಿ."

"ಹಂಗಾರ ಒಳಗ ಹೋಗ್ತೀನ್ರಿ."

ಹೇಗಿದ್ದೀರಿ ಎಂದು ಕೇಳಿದ್ದರೆ ದನಿ ಒಡೆಯುತ್ತಿತ್ತು. ಸೊನ್ನೆ ಎನ್ನಲು ಅಷ್ಟು ಉಸಿರು ಬೇಡ.

ಸಂಜೆ ನಗುತ್ತ ಬಂದಳು. ಕೆಲಸ ಸಿಕ್ಕಿತ್ತು. ಮಗುವಿನ ಜ್ವರ ಇಳಿದಿತ್ತು. ಆಮೇಲೆ ಹೇಳಿದೆ. ಅವಳು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ಕೂತುಬಿಟ್ಟಳು.

"ನಾಕು ಅಂತಾದ್ರೂ ಅನಬಾರದಿತ್ತೇನ್ರಿ?"

"ನಾಕು ಅಂದ್ರ ಕಾರಣ ಕೇಳ್ತಿದ್ದಿ. ಹದಿನಾರು ಅಂದ್ರ ಎದ್ದ ಬರ್ತಿದ್ದಿ."

"ಸುಳ್ಳ ಸೊನ್ನಿ ಭಾಳ ಕೆಟ್ಟದ್ದರಿ ಅತ್ತಿ. ಕರದಾಕಿ ಅದನ್ನ ನಂಬಿ ಮುಂದ ಹೋಗಿಬಿಡ್ತಾಳ."

"ಮುಂದ ಹೋಗ್ಲಿ ಅಂತನ ಅಂದೆ. ಏಳು, ಮಾರಿ ತೊಳಕೊ."

ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಹಾಗೆಂದು ನೋವು ಕಡಿಮೆಯಾಗಿಲ್ಲ.

ಮಾರನೆಯ ಬೆಳಿಗ್ಗೆ ಮಗುವನ್ನು ಅವಳ ಕೈಗೆ ಕೊಟ್ಟು, ನಾಂಪಲ್ಲಿ ಸ್ಟೇಷನ್ನಿನಿಂದ ಮೊದಲ ಗಾಡಿ ಹಿಡಿದೆ. ಸೇಡಂನಲ್ಲಿ ಇಳಿದು ಮನೆಗೆ ಹೋಗದೆ ನೇರ ಹೊಲಕ್ಕೆ ನಡೆದೆ. ಅತ್ತಿಗೆ ಅಲ್ಲೇ ಕೂತಿದ್ದಳು. "ಹೈದರಾಬಾದಿನಾಕಿ ಬಂದ್ಳು, ಹಾದಿ ಬಿಡ್ರಿ," ಎಂದು ಸುತ್ತಲಿನವರಿಗೆ ಹೇಳಿದಳು. ಎರಡೂ ಕೈಯಿಂದ ಹಸಿ ಮಣ್ಣು ಬಾಚಿ ಅಣ್ಣನ ಸಮಾಧಿಯ ಮೇಲೆ ಹಾಕಿದೆ.