ಅಕ್ಕನ ದನಿಯಲ್ಲಿ ನಾನಂದ ಹೂಂ

ತಪ್ಪು ನನ್ನದು, ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ನನ್ನದೋ, ಮುಕ್ಕಾಲು ನನ್ನದೋ ಎಂಬುದು ಇವತ್ತಿಗೂ ಬಗೆಹರಿದಿಲ್ಲ, ಅದು ಬೇರೆ ಮಾತು. ಆದರೆ ಇಳಕಲ್ಲಿನ ಆ ಓಣಿಯಲ್ಲಿ, ಕಿಟಕಿಯ ಪರದೆಯ ಹಿಂದೆ ಕೂತು, ಅಕ್ಕನ ದನಿ ತೆಗೆದು, ಬಂದ ಹೆಂಗಸರಿಗೆಲ್ಲ "ಹೂಂ, ಇಟ್ಟ ಹೋಗವ್ವಾ, ಗುರುವಾರ ಬಾ" ಎಂದವನು ನಾನೇ. ಆಮೇಲೆ ಅಕ್ಕ, "ಈ ಗಂಟು ನಾ ಯಾವಾಗ ಇಸಗೊಂಡೆನೋ ತಮ್ಮಾ?" ಎಂದು ಕೇಳಿದಾಗ ಕಣ್ಣು ಮಿಟುಕಿಸದೆ "ನೀನ ಇಸಗೊಂಡಿ, ನಿನ್ನಿ ಮಧ್ಯಾಹ್ನ" ಎಂದವನೂ ನಾನೇ. ಮೊದಲನೆಯದಕ್ಕೆ ಮಂಗತನ ಅನ್ನಬಹುದು. ಎರಡನೆಯದಕ್ಕೆ ಏನನ್ನಬೇಕೋ ನನಗೆ ತಿಳಿಯದು.

ಇಸವಿ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ನನಗೆ ಹತ್ತೊಂಬತ್ತು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಪಿಯುಸಿಗೆ ಎರಡು ಸಲ ಕೂತು ಎರಡು ಸಲವೂ ನಪಾಸಾಗಿದ್ದೆ. ಅಲ್ಲಿ ನಾನು ನೆಟ್ಟಗೆ ಕಲಿತದ್ದೆಂದರೆ ಪ್ರಿನ್ಸಿಪಾಲರ ಕೆಮ್ಮು, ಜವಾನನ ಆಕಳಿಕೆ ಮತ್ತು ಬಸ್‌ಸ್ಟ್ಯಾಂಡಿನ ಕಂಡಕ್ಟರನ ಕೂಗು. ಅಪ್ಪ, "ಇಂವಾ ಇಲ್ಲೇ ಇದ್ರ ನನ್ನ ದನೀನೂ ಕದೀತಾನ" ಎಂದು ನನ್ನನ್ನು ಅಕ್ಕನ ಮನೆಗೆ ಅಟ್ಟಿದರು. ಭಾವ ಹುನಗುಂದದ ಕಚೇರಿಯೊಂದರಲ್ಲಿ ಗುಮಾಸ್ತರು. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಅವರ ಗೊರಕೆಯಲ್ಲಿ ಮೂರು ಬಗೆಯ ಸ್ವರಗಳಿದ್ದವು. ವಾರದೊಳಗೆ ಮೂರನ್ನೂ ಕಲಿತೆ. ನನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದ್ದರೆ ಮಾತ್ರ ತಡವರಿಸುತ್ತಿದ್ದೆ.

ಅಕ್ಕ ಜಂಪರು ಹೊಲಿಯುತ್ತಿದ್ದಳು. ಇಳಕಲ್ಲಿನಲ್ಲಿ ಸೀರೆ ಮಾರುವವರಿಗೆ ಏನು ಕಡಿಮೆ! ಆದರೆ ಸೀರೆ ಉಟ್ಟರೆ ಆಯಿತೇ, ಅದರ ಜೊತೆಗೊಂದು ಖಣದ ಜಂಪರು ಬೇಡವೇ? ಖಣದ ಬಟ್ಟೆ ಕತ್ತರಿಸುವಾಗ ಒಂದು ಬೆರಳು ತಪ್ಪಿದರೂ ಅಂಚು ತೋಳಿನಲ್ಲಿ ಸೊಟ್ಟಗೆ ಕೂಡುತ್ತದೆ. ಅಕ್ಕನ ಕತ್ತರಿ ತಪ್ಪುತ್ತಿರಲಿಲ್ಲ. ಮೂರು ವರ್ಷದಲ್ಲಿ ಅವಳ ಹೆಸರು ಹುನಗುಂದ, ಅಮೀನಗಡ ದಾಟಿತ್ತು. ಹೆಂಗಸರು ಹೊಸ ಖಣದೊಳಗೆ ಅಳತೆಗೆಂದು ಒಂದು ಹಳೆಯ ಜಂಪರು ಸುತ್ತಿ, ಗಂಟು ಕಟ್ಟಿ, ಕಿಟಕಿಯಿಂದ ಕೊಟ್ಟುಹೋಗುವರು. ಶುಕ್ರವಾರ ಪೂಜೆಗೆ ಹೊಸದು ತೊಡಬೇಕು, ಹಾಗಾಗಿ ಎಲ್ಲರಿಗೂ ಗುರುವಾರವೇ ಬೇಕು. ಯಾರ ಗಂಟು ಯಾವುದು, ಯಾರಿಗೆ ಬಗಲು ಸಡಿಲ, ಯಾರಿಗೆ ತೋಳು ಗಿಡ್ಡ ಎಂಬುದನ್ನು ಅಕ್ಕ ಎಲ್ಲಿಯೂ ಬರೆದಿಡುತ್ತಿರಲಿಲ್ಲ. ಎಲ್ಲ ತಲೆಯಲ್ಲಿ.

ಹೊಲಿಯುವಾಗ ಅವಳ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಸೂಜಿ ಇರುತ್ತಿದ್ದವು. ಹೀಗಾಗಿ ಕಿಟಕಿಯಲ್ಲಿ ಯಾರು ಏನು ಕೇಳಿದರೂ ಅವಳಿಂದ ಬರುತ್ತಿದ್ದದ್ದು ಒಂದೇ, ಮೂಗಿನಿಂದ ಹೊರಟ "ಹೂಂ". ಸೂಜಿ ಕಚ್ಚಿಕೊಂಡು ಹೂಂ ಅನ್ನಬಹುದು. ಒಲ್ಲೆ ಅನ್ನಲು ಬಾಯಿ ತೆರೆಯಬೇಕು, ತೆರೆದರೆ ಸೂಜಿ ಖಣದ ಮೇಲೆ ಉದುರುತ್ತವೆ. ಇದು ನಾನು ಕಂಡುಹಿಡಿದ ಶಾಸ್ತ್ರ. ಅವಳು ಸೂಜಿ ಇಲ್ಲದಾಗಲೂ ಒಲ್ಲೆ ಅನ್ನುತ್ತಿರಲಿಲ್ಲ ಎಂಬುದನ್ನು ಮಾತ್ರ ಈ ಶಾಸ್ತ್ರ ವಿವರಿಸುವುದಿಲ್ಲ.

ಒಂದು ಮಧ್ಯಾಹ್ನ, ನೀರು ತಂದು, ರೊಟ್ಟಿ ಬಡಿದು, ನನಗೂ ಹಾಕಿ, ಮತ್ತೆ ಹೊಲಿಯಲು ಕೂತವಳು ಮಷೀನಿನ ಮೇಲೇ ತಲೆಯಿಟ್ಟು ನಿದ್ದೆಹೋಗಿದ್ದಳು. ಕಾಲು ಇನ್ನೂ ಪೆಡಲಿನ ಮೇಲಿತ್ತು. ಅಷ್ಟರಲ್ಲಿ ಕಿಟಕಿಯಿಂದ, "ಅಕ್ಕಾರ, ಅದೀರೇನ್ರಿ? ಒಂದ ಜಂಪರ ಹೊಲೀಬೇಕಾಗೇತ್ರಿ" ಎಂದು ಯಾರೋ ಕೂಗಿದರು. ಅಕ್ಕ ಏಳಬಾರದು ಅನ್ನಿಸಿತು. ದೇವರಾಣೆಗೂ ಅಷ್ಟೇ. ಎರಡು ಗುಂಡುಸೂಜಿ ತುಟಿಗೆ ಸಿಕ್ಕಿಸಿ, ಪರದೆಯ ಹಿಂದಿನಿಂದ, ಅವಳದೇ ದನಿಯಲ್ಲಿ ಹೂಂ ಅಂದೆ. ಗಂಟು ಒಳಗೆ ಬಂತು. ಬಾಯಿಯ ಸೂಜಿ ತೆಗೆದು "ಗುರುವಾರ ಬಾರವ್ವಾ" ಎಂದದ್ದು ಮಾತ್ರ ಬರೀ ಶೋಕಿ.

ಅಲ್ಲಿಂದ ನಿತ್ಯದ ಆಟವಾಯಿತು. ಅಕ್ಕ ನೀರಿಗೆ ಹೋದಾಗ, ಗಿರಣಿಗೆ ಹೋದಾಗ, ಹಿತ್ತಲಲ್ಲಿದ್ದಾಗ ನಾನೇ ಅಕ್ಕ. ಅವಳ ಹೊರೆ ಇಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಹೊರೆ ಏರುತ್ತಿರುವುದು ಕಾಣುತ್ತಿರಲಿಲ್ಲವೇ ಎಂದರೆ, ಕಾಣುತ್ತಿತ್ತು. ಮೂಲೆಯ ಬುಟ್ಟಿ ತುಂಬಿ, ಟ್ರಂಕಿನ ಮೇಲೆ ಬಂದು, ಭಾವನ ಹಾಸಿಗೆಯ ಅರ್ಧ ಹಿಡಿದಿತ್ತು. ಭಾವ ಮಲಗುವಾಗ ಗಂಟುಗಳನ್ನು ಸರಿಸುತ್ತ, "ಊರಾಗಿನ ಹೆಂಗಸರ ನಡುವ ಮಲಗ್ತೇನಿ ಅಂತ ಆಫೀಸಿನ್ಯಾಗ ಗೊತ್ತಾದ್ರ ನನ್ನ ಗತಿ ಏನು?" ಎಂದು ನಕ್ಕರು. ಅಕ್ಕ ನಗಲಿಲ್ಲ. ಒಂದೊಂದೇ ಗಂಟು ಎತ್ತಿ ನೋಡುವಳು, ಮೂಸುವಳು, ಹಣೆ ಒತ್ತಿಕೊಳ್ಳುವಳು.

"ಇದು ಯಾರದು?"

"ನಿನಗ ಗೊತ್ತಿರಬೇಕು."

"ನನಗ ಖರೆನ ಗೊತ್ತಿಲ್ಲೋ. ನಾ ಹೂಂ ಅಂದೇನಿ ಅಂತೀಯಾ?"

"ಅಂದಿ, ನಾ ಕೇಳೇನಿ."

ಕೇಳಿದ್ದೆ, ಸುಳ್ಳಲ್ಲ. ನನ್ನ ಬಾಯಿಯಿಂದಲೇ ಬಂದದ್ದನ್ನು ನನ್ನ ಕಿವಿಯಿಂದಲೇ ಕೇಳಿದ್ದೆ.

ಅವಳ ಮುಖ ಒಣಗುತ್ತ ಬಂತು. ಒಮ್ಮೆ ಎರಡೂ ತೋಳನ್ನು ಒಂದೇ ಬದಿಗೆ ಹೊಲಿದು, ಅದನ್ನು ಎತ್ತಿಹಿಡಿದು ಬಹಳ ಹೊತ್ತು ನೋಡುತ್ತ ಕೂತಳು. ದವಾಖಾನೆಯ ಡಾಕ್ಟರು ಗುಳಿಗೆ ಕೊಟ್ಟು "ವಿಶ್ರಾಂತಿ ತಗೋರಿ" ಎಂದರಂತೆ. ವಿಶ್ರಾಂತಿ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಕೊನೆಗೆ ಭಾವ, "ಮಹಾಕೂಟಕ್ಕ ಕರಕೊಂಡ ಹೋಗಿ ಗುಡಿ ಹೊಂಡದಾಗ ಮುಳುಗಿಸ್ಕೊಂಡ ಬಾ. ತಲಿ ತಂಪಾಗ್ತೈತಿ" ಎಂದು ನನ್ನ ಜೊತೆ ಕಳಿಸಿದರು.

ಬಾದಾಮಿಗೆ ಹೋಗಿ ಇನ್ನೊಂದು ಬಸ್ಸು ಹಿಡಿದೆವು. ಹೊಂಡದ ನೀರು ಹಸಿರಾಗಿ ತಣ್ಣಗಿತ್ತು. ಅಕ್ಕ ಮೂರು ಸಲ ಮುಳುಗಿ ಎದ್ದಳು. ಎಷ್ಟೋ ತಿಂಗಳ ಮೇಲೆ ಅವಳ ಹುಬ್ಬುಗಳ ನಡುವಿನ ಗಂಟು ಸಡಿಲಾಗಿತ್ತು. ಅಷ್ಟರಲ್ಲಿ ಪಕ್ಕದ ಮೆಟ್ಟಿಲ ಮೇಲೆ ಸೀರೆ ಹಿಂಡುತ್ತಿದ್ದ ಹೆಂಗಸು ಕಣ್ಣು ಕಿರಿದು ಮಾಡಿ, "ನೀವು ಇಳಕಲ್ಲ ಜಂಪರದ ಅಕ್ಕಾರಲ್ಲೇನ್ರಿ?" ಅಂದಳು.

"ಹೂಂ."

"ನಮ್ಮ ಮಗಳ ಲಗ್ನ ಐತ್ರಿ. ದೇವರು ನಿಮ್ಮನ್ನ ಇಲ್ಲೇ ತಂದ ನಿಲ್ಲಿಸ್ಯಾನ ನೋಡ್ರಿ! ಖಣ ಚೀಲದಾಗ ಐತಿ. ಗುರುವಾರಕ್ಕ ಆಗ್ತೈತೇನ್ರಿ?"

ಅಕ್ಕ ನೀರಲ್ಲಿ ನಿಂತಿದ್ದಳು. ಬಾಯಲ್ಲಿ ಒಂದೂ ಸೂಜಿಯಿರಲಿಲ್ಲ. ಹಲ್ಲು ಕಟಕಟ ಅನ್ನುತ್ತಿರುವಾಗಲೇ ಅಂದಳು, "ಹೂಂ."

ನನ್ನ ತಲೆ ಕೆಟ್ಟದ್ದು ಅಲ್ಲಿಯೇ. ನಾನು ಬಾಯಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಈ ಹೂಂ ನನ್ನದಲ್ಲ. ಹಾಗಾದರೆ ಉಳಿದವೂ ಪೂರ್ತಿ ನನ್ನವಲ್ಲವೇನೋ ಎಂದು ಒಂದು ಗಳಿಗೆ ಹಗುರವಾಯಿತು, ಮರುಗಳಿಗೆ ಹಗುರವಾದದ್ದಕ್ಕೇ ನಾಚಿಕೆಯಾಯಿತು. ವಾಪಸು ಬಸ್ಸಿನಲ್ಲಿ ಅಕ್ಕ ಕಿಟಕಿಗೆ ಒರಗಿ ಜೊಂಪಿಗೆ ಜಾರಿದ್ದಳು. ಹುನಗುಂದ ಸಮೀಪಿಸಿದಾಗ ಎಚ್ಚೆತ್ತು, ತೊಡೆಯ ಮೇಲಿನ ಗಂಟು ನೋಡಿ ಗಾಬರಿಯಿಂದ ನನ್ನ ಕೈ ಹಿಡಿದಳು.

"ತಮ್ಮಾ, ಇದು ಯಾರದೋ?"

ಈ ಸಲ ನನಗೆ ನಗೆಚಾಟಿಕೆ ಯಾವುದೂ ಬರಲಿಲ್ಲ. ಹೊಂಡದ ಹೆಂಗಸಿನದು ಎಂದೆ. ಅಕ್ಕ ನನ್ನನ್ನೇ ನೋಡುತ್ತ, "ಯಾವ ಹೆಂಗಸು?" ಅಂದಳು.

ನಿದ್ದೆಗಣ್ಣೋ, ಮರೆವೋ, ನನಗೆ ಗೊತ್ತಾಗಲಿಲ್ಲ. ಆದರೆ ಅವತ್ತು ಮನೆಗೆ ಬಂದವಳೇ ಭಾವನಿಗೆ ಹೇಳಿದಳು: "ಮಷೀನು ಬಾಗಲಕೋಟಿಗಿ ನಿಮ್ಮ ಅಕ್ಕನ ಕಡೆ ಕಳಿಸಿಬಿಡ್ರಿ, ಅವರರ ಹೊಲ್ಕೊಳ್ಳಲಿ. ನನ್ನ ತಲಿ ನೆಟ್ಟಗಿಲ್ಲ. ನಾಳೆ ಯಾರದರ ಲಗ್ನದ ಖಣ ಹಾಳ ಮಾಡಿದ್ರ ನಾ ಮುಖ ತೋರಿಸಂಗಿಲ್ಲ." ಭಾನುವಾರದ ಬಸ್ಸಿನ ಮೇಲೆ ಮಷೀನು ಕಟ್ಟುವುದೆಂದು ತೀರ್ಮಾನವಾಯಿತು.

ಆ ಮಷೀನನ್ನು ಅಕ್ಕ ಹಟಹಿಡಿದು ತರಿಸಿಕೊಂಡಿದ್ದಳು. ಅದರ ಮುಂದೆ ಕೂತಾಗ ಮಾತ್ರ ಅವಳು ಯಾರ ಹೆಂಡತಿಯೂ ಯಾರ ಅಕ್ಕನೂ ಅಲ್ಲ, ಜಂಪರದ ಅಕ್ಕಾರು. ಅದು ನನ್ನ ಆಟಕ್ಕೆ ಮನೆಬಿಟ್ಟು ಹೋಗುವುದಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ಹಾಗಾಗಿ ಇನ್ನೊಂದು ಉಪಾಯ ಮಾಡಿದೆ: ಅದೇ ದನಿಯಲ್ಲಿ, ಬಂದವರಿಗೆಲ್ಲ ಇಲ್ಲ ಅನ್ನುವುದು. ಗಂಟು ಕಡಿಮೆಯಾದರೆ ತಲೆ ನೆಟ್ಟಗಾದೀತು, ಮಷೀನು ಉಳಿದೀತು.

ಶನಿವಾರ ಮಧ್ಯಾಹ್ನ ಅಕ್ಕ ನೀರಿಗೆ ಹೋದಳು. ನಾನು ಪರದೆಯ ಹಿಂದೆ ಕೂತೆ. ಮೊದಲು ಬಂದವಳು ಓಣಿಯ ತುದಿಯ ಮನೆಯ ಆಯಿ. ಎರಡೂ ಕಣ್ಣಿಗೆ ಪೊರೆ ಬಂದಿದ್ದರಿಂದ ಊರನ್ನೆಲ್ಲ ಕಿವಿಯಿಂದಲೇ ನೋಡುವ ಮುದುಕಿ.

"ಮೊಮ್ಮಗಳದೊಂದ ಜಂಪರ ಐತವ್ವಾ."

"ಆಗಂಗಿಲ್ಲ ಆಯಿ. ಭಾಳ ಗಂಟು ಬಿದ್ದಾವ. ಬ್ಯಾರೆ ಕಡೆ ಕೊಡ್ರಿ."

ಕೋಲಿನಿಂದ ಕಿಟಕಿಯ ಚೌಕಟ್ಟಿಗೆ ಒಂದು ಏಟು ಬಿತ್ತು.

"ಯಾರಲೇ ಒಳಗ?"

"ನಾನ ಆಯಿ, ಇನ್ಯಾರು?"

"ದನಿ ಅಕಿದು ಖರೆ. ಮಾತು ಅಕಿದಲ್ಲ. ಮೂರ ವರ್ಷದಾಗ ಅಕಿ ಬಾಯಾಗ 'ಆಗಂಗಿಲ್ಲ' ಅನ್ನೂದ ನಾ ಕೇಳೇ ಇಲ್ಲ. ಅಕಿ ತಮ್ಮ ಅಲ್ಲೇನಲೇ ನೀ? ಪರದೆ ಸರಸು!"

ಸರಿಸಿದೆ.

"ಹಂಗಾರ ಹ್ವಾದ ವಾರ ನಮ್ಮ ಸೊಸಿಗೆ ಹೂಂ ಅಂದಾಂವನೂ ನೀನ?"

"ಹೂಂ, ಆಯಿ."

"ಅದಕ್ಕ ನಮ್ಮ ಸೊಸಿ ಅಂದ್ಲು, ಅಕ್ಕಾರಿಗೆ ನೆಗಡಿ ಆದಂಗೈತಿ ಅಂತ."

ಸಿಕ್ಕಿಬಿದ್ದದ್ದಕ್ಕಿಂತ ಆ ನೆಗಡಿಯ ಮಾತು ಹೆಚ್ಚು ನೋಯಿಸಿತು. ಏನೋ ಸಮರ್ಥನೆ ಹೇಳಬೇಕೆಂದು ತಿರುಗಿದರೆ, ಹಿಂದಿನ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಸೊಂಟದ ಮೇಲೆ ತುಂಬಿದ ಕೊಡ. ಯಾವಾಗ ಬಂದಳೋ! ಕೊಡ ಇಳಿಸದೆಯೇ ಅಂದಳು, "ಇನ್ನೊಮ್ಮೆ ಅನ್ನು."

"ಏನು?"

"ಈಗ ಅಂದೆಲ್ಲ, ಆಗಂಗಿಲ್ಲ ಅಂತ. ನನ್ನ ದನ್ಯಾಗ. ಅನ್ನು."

ಅಂದೆ. ಅಕ್ಕ ರೇಡಿಯೋ ಕೇಳುವವರ ಹಾಗೆ ತಲೆ ಒಂದು ಕಡೆ ವಾಲಿಸಿ ಕೇಳಿದಳು. "ಕೆಟ್ಟೇನೂ ಕೇಳಸಂಗಿಲ್ಲ" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಆಮೇಲೆ ಕೊಡ ಇಳಿಸಿದಳು, ಬಟ್ಟೆ ಅಳೆಯುವ ಗಜಕಡ್ಡಿ ಎತ್ತಿಕೊಂಡಳು. ಎಲ್ಲ ಹೇಳಿದೆ. ಒಂದೊಂದು ವಾಕ್ಯಕ್ಕೆ ಒಂದೊಂದು ಪೆಟ್ಟು.

"ನನಗ ಹುಚ್ಚ ಹಿಡೀತು ಅಂತ ತಿಳಕೊಂಡೆನಲೇ ಮಂಗ್ಯಾ! ದೇವರ ಮುಂದ ಕುಂತ, ನನ್ನ ತಲಿ ನನಗ ಕೊಡಪ್ಪಾ ಅಂತ ಅತ್ತೇನಿ!"

ಆಯಿ ಕಿಟಕಿಯಿಂದ, "ಇನ್ನೆರಡ ಹಾಕವ್ವಾ, ನನ್ನ ಸೊಸಿ ಲೆಕ್ಕಕ್ಕ" ಎಂದು ಹೇಳಿ ಹೋದಳು.

ಸಂಜೆಯವರೆಗೆ ಗಂಟುಗಳನ್ನೆಲ್ಲ ನೆಲಕ್ಕೆ ಹರಡಿ ಬೇರೆ ಮಾಡಿದೆವು. ನನ್ನ ಹೂಂ ಈ ಕಡೆ, ಅವಳ ಹೂಂ ಆ ಕಡೆ. ನನ್ನ ಗುಡ್ಡೆ ದೊಡ್ಡದಾಯಿತು, ಒಪ್ಪಿದೆ. ಆದರೆ ನಡುವೆ ಮೂರು ಗಂಟು ಉಳಿದವು. ನಾನು ಇಸಗೊಂಡದ್ದು ನನಗೆ ನೆನಪಿಲ್ಲ, ಅವಳು ಇಸಗೊಂಡದ್ದು ಅವಳಿಗೆ ನೆನಪಿಲ್ಲ. ನನ್ನವೇ ಇರಬೇಕು ಎಂದೆ. "ಸುಮ್ಮನ ಮೈಮ್ಯಾಲೆ ಹಾಕ್ಕೋಬ್ಯಾಡ" ಅಂದಳು. ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದೆ. ಕಿವಿಯಲ್ಲಿ ಹೂಂ ಕೇಳುತ್ತಿತ್ತು, ಯಾರದೆಂದು ಮಾತ್ರ ಗುರುತು ಸಿಗಲಿಲ್ಲ. ಊರಿನವರನ್ನೆಲ್ಲ ಮೋಸ ಮಾಡಿದ ದನಿ ಕೊನೆಗೆ ನನ್ನನ್ನೇ ಮೋಸ ಮಾಡಿತ್ತು. ಅಂದರೆ ನನ್ನ ಕಿತಾಪತಿ ಇಲ್ಲದಿದ್ದರೂ ಅಕ್ಕ ದಣಿದು ಮರೆಯುತ್ತಿದ್ದಳೇ? ಅಥವಾ ನಾನು ಮರೆಸಿದ್ದರಿಂದ ಮರೆತಳೇ? ಅವಳೂ ಆ ಮೂರನ್ನೇ ನೋಡುತ್ತ ಕೂತಿದ್ದಳು.

ಭಾವ ಹುನಗುಂದದಿಂದ ಹೊಸ ಹಗ್ಗ ಹಿಡಿದು ಬಂದರು. ಸಂಗತಿ ಕೇಳಿ ನಗಬೇಕೋ ಹೊಡೆಯಬೇಕೋ ತಿಳಿಯದೆ ಹಗ್ಗ ಸುತ್ತುತ್ತ ನಿಂತರು. "ಹಂಗಾರ ಮಷೀನು ಕಳಸೂದೋ ಬ್ಯಾಡೋ?"

"ನಾಳೆ ಹೇಳ್ತೇನ್ರಿ" ಅಂದಳು ಅಕ್ಕ.

ಭಾನುವಾರ ಬೆಳಿಗ್ಗೆ ಅವಳು ಮಷೀನಿನ ಮುಂದೆ ಸುಮ್ಮನೆ ಕೂತಿದ್ದಳು, ದಿನದಂತೆ ಎಣ್ಣೆಯನ್ನೂ ಹಾಕಿರಲಿಲ್ಲ. ನನ್ನ ಕೈಗೆ ಒಂದು ಹೊಲಿದ ಜಂಪರು, ಹುಕ್ಕುಗಳು, ಸೂಜಿದಾರ ಕೊಟ್ಟಿದ್ದಳು. ಭಾವ ಹೊಸ್ತಿಲಲ್ಲಿ ಹಗ್ಗದ ಜೊತೆ. ಬಸ್ಸಿಗೆ ಇನ್ನು ಅರ್ಧ ತಾಸಿತ್ತು. ಅಷ್ಟರಲ್ಲಿ ಕಿಟಕಿಯಲ್ಲಿ ನೆರಳು ಕಂಡಿತು. "ಅಕ್ಕಾರ, ಗುರುವಾರಕ್ಕ ಒಂದ ಜಂಪರ..."

ಅಕ್ಕ ಕಿಟಕಿಯ ಕಡೆ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ನನಗೆ ತಡೆಯಲಾಗಲಿಲ್ಲ, ಪಕ್ಕಕ್ಕೆ ಸರಿದು ಪಿಸುಗುಟ್ಟಿದೆ: "ಅಕ್ಕಾ, ನೀ ಸುಮ್ಮನಿರು. ನಿನ್ನ ದನ್ಯಾಗ ನಾ ಹೇಳ್ತೇನಿ, ಆಗಂಗಿಲ್ಲ ಅಂತ. ಇನ್ನ ಮ್ಯಾಲೆ ದಿನಾ ನಾನ ಹೇಳ್ತೇನಿ."

ಅಕ್ಕ ನನ್ನ ಕಡೆ ತಿರುಗಿದಳು.

"ನನ್ನ ಹೂಂ ನೀ ಅಂದಿ, ಆತು. ನನ್ನ ಒಲ್ಲೆ ನಾನ ಅಂತೇನಿ. ನೀ ಹುಕ್ಕ ಹಚ್ಚು."