ಬಾಣಂತಿ ಕೋಣೆಗೆ ಉಲ್ಟಾ ಪರದೆ

ಏಪ್ರಿಲ್ ಹನ್ನೆರಡು, ಭಾನುವಾರ, ಮಧ್ಯಾಹ್ನ ಮೂರು ಗಂಟೆ.

ರಾಯಚೂರಿನ ನಮ್ಮ ಮನೆಯಲ್ಲಿ ಅಕ್ಕನ ಬಾಣಂತನ ನಡೆದಿದೆ. ಅದಕ್ಕೆಂದೇ ಮಾನ್ವಿಯಿಂದ ಬಂದ ಅಜ್ಜಿ, ಮೊದಲ ದಿನವೇ ಕೋಣೆಯ ಕಿಟಕಿ ಮುಚ್ಚಿ ಮೇಲೆ ಕಂಬಳಿ ಬಿಗಿದಳು. ಬಾಣಂತಿಗೆ ಗಾಳಿ ತಾಕಬಾರದು, ಕೂಸಿಗೆ ದೃಷ್ಟಿ ತಾಗಬಾರದು. ಕಿಟಕಿ ಓಣಿಯ ಕಡೆಗಿದೆ. ಎದುರಿನ ನಳಕ್ಕೆ ಬಂದವರೆಲ್ಲ ಇಣುಕಿಯೇ ಹೋಗುತ್ತಾರೆ.

ಎಂಟನೇ ದಿನ ಅಕ್ಕ ಅತ್ತೇಬಿಟ್ಟಳು. "ಹಗಲ ಯಾವ್ದು, ರಾತ್ರಿ ಯಾವ್ದು ತಿಳಿವಲ್ದು. ಹಿಂಗ ಇಟ್ರ ನಾಳೆನೇ ದೇವದುರ್ಗಕ್ಕ ಗಂಡನ ಮನಿಗೆ ಹೋಗ್ತೀನಿ."

"ಹೋಗು. ನಿಮ್ಮತ್ತಿ ಎರಡು ಕಂಬಳಿ ಕಟ್ತಾಳ," ಅಂದಳು ಅಜ್ಜಿ. ಆದರೆ ಹೊರಗೆ ಬಂದು ನನ್ನನ್ನು ಪರದೆ ಅಂಗಡಿಗೆ ಅಟ್ಟಿದವಳೂ ಅವಳೇ.

ಮೂರು ಮಾದರಿ ತಂದೆ. ಸುತ್ತಿಕೊಳ್ಳುವ ಬಿಳಿ ಬಟ್ಟೆಯ ಪರದೆ ಕಣ್ಣನ್ನೂ ತಡೆಯುತ್ತದೆ, ಬೆಳಕನ್ನೂ ತಡೆಯುತ್ತದೆ. ಬಿದಿರಿನ ತಟ್ಟಿ ಚೆಂದ, ಆದರೆ ದೀಪ ಹಚ್ಚಿದರೆ ಒಳಗಿನದೆಲ್ಲ ಹೊರಗೆ ಕಾಣುತ್ತದೆ. ಮೂರನೆಯದರ ಅಲ್ಯೂಮಿನಿಯಂ ಪಟ್ಟಿಗಳನ್ನು ಬೇಕಾದಷ್ಟು ಓರೆ ಮಾಡಬಹುದು. ನನ್ನ ಒಲವು ಅದಕ್ಕೇ ಇತ್ತು. ಅಜ್ಜಿ ಒಂದು ಸಂದಿಗೆ ಕಣ್ಣಿಟ್ಟು, "ನೋಡು, ನನಗೇ ಕಾಣಾಕತ್ತದ, ನೆರಮನಿ ಸೊಸಿಗೆ ಕಾಣಂಗಿಲ್ಲೇನು?" ಅಂದಳು.

ಆಗ ಹಾಸಿಗೆಯಿಂದಲೇ ಅಕ್ಕ ಕೇಳಿದಳು: "ಅಜ್ಜೀ, ನೋಡೋರು ಕೆಳಗಿನ ಅರ್ಧದಾಗ ನೋಡ್ತಾರ. ಮ್ಯಾಲಿನ ಅರ್ಧದಾಗ ಇಣುಕಾಕ ಓಣ್ಯಾಗ ಯಾರು ಒಂಟಿ ಮ್ಯಾಲ ಕುಂತು ಬರ್ತಾರ?"

ಅಜ್ಜಿ ನಕ್ಕಳು. ಒಪ್ಪಿದಳು ಎಂದುಕೊಂಡು, ಕೆಳಗಿನ ಅರ್ಧ ಮುಚ್ಚಿದರೆ ಸಾಕೆಂದು ನಾನು ಬಿಳಿ ಬಟ್ಟೆಯದನ್ನೇ ಗಟ್ಟಿ ಮಾಡಿದೆ. ಆದರೆ ಮೇಲಿಂದ ಇಳಿಯುವ ಪರದೆ ಮೇಲಿನ ಅರ್ಧವನ್ನೇ ಮೊದಲು ಮುಚ್ಚುತ್ತದೆ. ಹಾಗಾಗಿ ಬಟ್ಟೆ ಸುತ್ತಿದ ಉರುಳೆಯನ್ನು ಕಿಟಕಿಯ ಕೆಳಗಂಚಿಗೆ ಕೂರಿಸಿ, ಬಟ್ಟೆಯನ್ನು ಮೇಲಕ್ಕೆಳೆದು ಚೌಕಟ್ಟಿನ ಅರ್ಧ ಎತ್ತರದಲ್ಲಿ ಎರಡೂ ಬದಿಗೆ ಹೊಡೆದ ಕೊಕ್ಕೆಗಳಿಗೆ ಸಿಕ್ಕಿಸಬೇಕಾಯಿತು.

"ಉಲ್ಟಾ ಆತಲ್ರೀ," ಅಂದ ಕೂರಿಸಲು ಬಂದವನು.

"ನಮ್ಮ ಹುಡುಗೀನೇ ಉಲ್ಟಾ ಅದಾಳ. ನೀ ಹಾಕಪ್ಪಾ," ಅಂದಳು ಅಜ್ಜಿ. ಅವನು ಹೋದಮೇಲೆ ಹೊಸ ಪರದೆಯ ನಟ್ಟನಡುವೆ ಕೂಸಿನ ಕಾಡಿಗೆಯಿಂದ ದೊಡ್ಡದೊಂದು ದೃಷ್ಟಿಬೊಟ್ಟು ಇಟ್ಟಳು.

ಗಾಜು ಮುಚ್ಚೇ ಇದೆ. ಗಾಳಿಯ ವಿಷಯದಲ್ಲಿ ಅವಳದೇ ಗೆಲುವು. ಇಂದು ಬೆಳಿಗ್ಗೆ ಬಿಸಿಲು ತೊಟ್ಟಿಲ ಮೇಲಿನ ಗೋಡೆಗೆ ಬಿತ್ತು. ಅಕ್ಕ ಕೂಸನ್ನು ಎತ್ತಿ ಅದನ್ನು ತೋರಿಸುತ್ತಿದ್ದಳು. ದೇವದುರ್ಗದ ಮಾತೆತ್ತಲಿಲ್ಲ.

ಒಂದೇ ತೊಂದರೆ: ಸಂಜೆಯಾಗುವಷ್ಟರಲ್ಲಿ ಬಟ್ಟೆ ನಡುವೆ ಜೋಲುತ್ತದೆ, ಅಜ್ಜಿಯ ಕಣ್ಣು ಮತ್ತೆ ಕಂಬಳಿಯ ಕಡೆ ಹೊರಳುತ್ತದೆ. ಹೀಗೆ ಕೆಳಗಿನಿಂದ ಮೇಲೆ ಎಳೆಯುವ ಪರದೆಯನ್ನು ಬಿಗಿಯಾಗಿ ನಿಲ್ಲಿಸುವ ಬಗೆ ಬಲ್ಲವರು ಇದ್ದರೆ ದಯವಿಟ್ಟು ಬರೆದು ತಿಳಿಸಿ; ಬಾಣಂತನ ಇನ್ನೂ ಬಹಳ ದಿನವಿದೆ.